ಬರ್ನ್ಲಿಗೆ ಬಾ, ಆದರೆ ಕೊಡೆ ನಂಬಬೇಡ

ನಿನ್ನ ಪತ್ರ ಓದಿದೆ. ಆಂಟಿ ಅಂತ ಕರೆದಿದ್ದೀಯ, ಹಾಗಾಗಿ ‘ನೀನು’ ಅಂತಲೇ ಬರೆಯುತ್ತೇನೆ. ಬೇಜಾರಿಲ್ಲ ತಾನೆ? ನಿನ್ನ ಗಂಡನಿಗೆ ಉತ್ತರ ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತ್ಯದ ಬರ್ನ್ಲಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ಶಿವಮೊಗ್ಗ ಬಿಟ್ಟು ಬರಬೇಕು. ಲಂಡನ್ ಆಗಿದ್ದರೆ ಧೈರ್ಯ ಇರುತ್ತಿತ್ತು, ಈ ಸಣ್ಣ ಊರಲ್ಲಿ ಒಂಟಿಯಾಗಿಬಿಡುತ್ತೇನಾ ಅನ್ನುವುದು ನಿನ್ನ ಭಯ. ಜೊತೆಗೆ ಇನ್ನೊಂದು ಕೇಳಿದ್ದೀಯ: ನಿಮ್ಮ ಕಾಲದ ಇಂಗ್ಲೆಂಡ್ ತುಂಬ ಚೆನ್ನಾಗಿತ್ತಂತೆ, ಈಗ ಅದೇನೂ ಉಳಿದಿಲ್ಲವಂತೆ, ನಿಜವಾ?

ಎರಡನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಅರ್ಧ ನಿಜ. ನಮ್ಮ ವಯಸ್ಸಿನವರು ನಾಲ್ಕು ಜನ ಸೇರಿದರೆ ಹಾಲಿನ ಗಾಡಿ, ಕೆಂಪು ಫೋನ್ ಬೂತ್, ವುಲ್‌ವರ್ತ್ಸ್ ಅಂಗಡಿಯ ಮಿಠಾಯಿ ಅಂತ ಶುರು ಮಾಡುತ್ತಾರೆ. ಆಗಿನ ಚಳಿಯ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ನಾನು ಎತ್ತುತ್ತೇನೆ.

ನಾನು ಬಂದದ್ದು 1974ರ ಜನವರಿಯಲ್ಲಿ. ಗಣಿ ಕಾರ್ಮಿಕರಿಗೂ ಸರ್ಕಾರಕ್ಕೂ ಜಟಾಪಟಿ ನಡೆದಿತ್ತು. ಕಲ್ಲಿದ್ದಲು ಉಳಿಸಬೇಕು ಅಂತ ಕಾರ್ಖಾನೆಗಳಿಗೆ ವಾರಕ್ಕೆ ಮೂರೇ ದಿನ ಕರೆಂಟ್. ಅಂಗಡಿಗಳಲ್ಲಿ ಮೇಣದಬತ್ತಿ ಹಚ್ಚಿಟ್ಟು ವ್ಯಾಪಾರ. ಟಿವಿ ರಾತ್ರಿ ಹತ್ತೂವರೆಗೆ ಬಂದ್. ಮಗಳು ಕರೆಂಟೇ ಹೋಗದ ದೇಶಕ್ಕೆ ಹೋಗುತ್ತಾಳೆ ಅಂತ ಅಮ್ಮ ಊರೆಲ್ಲ ಹೇಳಿಕೊಂಡು ಬಂದಿದ್ದರು! ಸಾಲುಮನೆ ನಮ್ಮದು. ಮುಂದಿನ ಕೋಣೆಯಲ್ಲಿ ಮಾತ್ರ ಕಲ್ಲಿದ್ದಲ ಒಲೆ. ಬೆಳಿಗ್ಗೆ ಎದ್ದರೆ ಕಿಟಕಿ ಗಾಜಿನ ಒಳಗಡೆಯೇ ಮಂಜು ಹೆಪ್ಪುಗಟ್ಟಿರುತ್ತಿತ್ತು. ಗ್ಯಾಸ್ ಮೀಟರಿಗೆ ನಾಣ್ಯ ಹಾಕಬೇಕು. ಸ್ನಾನದ ಮಧ್ಯದಲ್ಲಿ ನಾಣ್ಯ ಮುಗಿದರೆ ತಣ್ಣೀರೇ ಗತಿ.

ಹಾಗಾದರೆ ಎಲ್ಲರೂ ಆ ಕಾಲವನ್ನು ಯಾಕೆ ನೆನೆಸುತ್ತಾರೆ? ಆಗಿನ ಜನ ಈಗಿನವರಿಗಿಂತ ಒಳ್ಳೆಯವರು ಅಂತ ನನಗೆ ಅನಿಸುವುದಿಲ್ಲ. ಆದರೆ ದಿನದ ಪ್ರತಿಯೊಂದು ಸಣ್ಣ ಕೆಲಸಕ್ಕೂ ಒಬ್ಬ ಮನುಷ್ಯನ ಮುಖ ನೋಡಲೇಬೇಕಿತ್ತು. ಬೇಕೋ ಬೇಡವೋ, ಮಾತಾಡಲೇಬೇಕಿತ್ತು.

ಹಾಲಿನವನನ್ನೇ ತಗೋ. ಬೆಳಕು ಹರಿಯುವ ಮುಂಚೆ ಬ್ಯಾಟರಿ ಗಾಡಿಯಲ್ಲಿ ಬರುತ್ತಿದ್ದ. ಇಂಜಿನ್ ಸದ್ದಿಲ್ಲ, ಬಾಟಲಿಗಳ ಕಿಣಿಕಿಣಿ ಮಾತ್ರ. ನಾಳೆ ಜಾಸ್ತಿ ಬೇಕಿದ್ದರೆ ಖಾಲಿ ಬಾಟಲಿಯ ಬಾಯಲ್ಲಿ ಚೀಟಿ ಸುತ್ತಿ ಇಡಬೇಕು. ನಾವು ಮೊಸರು ಹಾಕುವವರು, ಹಾಲು ಜಾಸ್ತಿ. ಇಬ್ಬರೇ ಇರುವ ಮನೆಗೆ ಇಷ್ಟು ಹಾಲು ಯಾಕೆ ಅಂತ ಅವನಿಗೆ ಅನುಮಾನ. ಶನಿವಾರ ದುಡ್ಡು ತಗೊಳ್ಳಲು ಬಂದಾಗ ಕೇಳಿಯೇಬಿಟ್ಟ. ಒಂದು ಬಟ್ಟಲು ಮೊಸರು ಕೊಟ್ಟೆ. ಮುಖ ಹಿಂಡಿದ, ಆದರೆ ಬಟ್ಟಲು ತೊಳೆದು ವಾಪಸ್ ತಂದ. ನಾವು ಏಳುವುದು ತಡವಾದರೆ ಬ್ಲೂ ಟಿಟ್ ಅನ್ನುವ ಪುಟ್ಟ ಹಕ್ಕಿ ಬಾಟಲಿಯ ಬೆಳ್ಳಿ ಮುಚ್ಚಳ ಕುಕ್ಕಿ ಕೆನೆ ತಿಂದುಬಿಟ್ಟಿರುತ್ತಿತ್ತು.

ಪಕ್ಕದ ಮನೆಯಾಕೆ ಹೊಸ್ತಿಲನ್ನು ಮಂಡಿಯೂರಿ ಉಜ್ಜುತ್ತಿದ್ದರು. ಅದಕ್ಕೆ ಅಂತಲೇ ಒಂದು ಕಲ್ಲಿನ ತುಂಡು ಸಿಗುತ್ತಿತ್ತು, ಡಾಂಕಿ ಸ್ಟೋನ್. ಒದ್ದೆ ಮೆಟ್ಟಿಲಿನ ಅಂಚಿಗೆ ತಿಕ್ಕಿದರೆ ಬಿಳಿ ಇಲ್ಲವೇ ಕೆನೆ ಬಣ್ಣದ ಗೆರೆ ಮೂಡುತ್ತದೆ. ಹಳೇ ಬಟ್ಟೆ ಕೊಂಡುಕೊಳ್ಳುವ ಗಾಡಿಯವನು ಬದಲಿಗೆ ಈ ಕಲ್ಲನ್ನೇ ಕೊಡುತ್ತಿದ್ದ. ನಾನು ಬರುವ ಹೊತ್ತಿಗೆ ವಯಸ್ಸಾದವರು ಮಾತ್ರ ಮಾಡುತ್ತಿದ್ದರು. ಆಮೇಲೆ ಕಲ್ಲು ಮಾಡುವವರೂ ಅಂಗಡಿ ಮುಚ್ಚಿದರು.

ನಮ್ಮ ಬೀದಿಯ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಬಟ್ಟೆ ಮಿಲ್ಲಿನಲ್ಲಿ ಮಗ್ಗ ನಡೆಸಿದವರು. ನೂರಾರು ಮಗ್ಗ ಒಟ್ಟಿಗೆ ಬಡಿಯುವಾಗ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಅದಕ್ಕೇ ಬಾಯಿ ಅಗಲ ತೆರೆದು, ತುಟಿ ಎಳೆದು, ಕೈ ಸನ್ನೆ ಸೇರಿಸಿ ಮಾತಾಡುವುದು ಅವರಿಗೆ ರೂಢಿ. ಬೀದಿಯ ಆ ಬದಿಯಿಂದ ಈ ಬದಿಗೆ ಸದ್ದೇ ಇಲ್ಲದೆ ಚಾಡಿ ಹೇಳಿಬಿಡುತ್ತಿದ್ದರು. ನನಗೋ ಲ್ಯಾಂಕಶೈರಿನ ಇಂಗ್ಲಿಷ್ ಒಂದಕ್ಷರ ತಿಳಿಯುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಕಲಿತದ್ದು ಯಾವ ಕೆಲಸಕ್ಕೂ ಬರಲಿಲ್ಲ. ಈ ಹೆಂಗಸರ ತುಟಿ ನೋಡಿ ನೋಡಿಯೇ ಮಾತು ಹಿಡಿದುಕೊಂಡೆ. ಬರ್ನ್ಲಿ ಪಕ್ಕದ ಹಾರ್ಲ್ ಸೈಕ್‌ನ ಕ್ವೀನ್ ಸ್ಟ್ರೀಟ್ ಮಿಲ್ 1982ರವರೆಗೂ ಉಗಿ ಯಂತ್ರದಲ್ಲೇ ನಡೆಯಿತು. ಈಗ ಅದು ಮ್ಯೂಸಿಯಂ. ಬಂದ ಮೇಲೆ ಹೋಗಿ ಆ ಸದ್ದು ಒಮ್ಮೆ ಕೇಳು.

ಇನ್ನು ಬೇಸಿಗೆಯ ವೇಕ್ಸ್ ವಾರ. ನೀನು ಊಹಿಸಲಾರೆ. ಇಡೀ ಊರಿನ ಮಿಲ್ಲುಗಳು ಒಟ್ಟಿಗೆ ರಜೆ ಹಾಕುತ್ತಿದ್ದವು. ಮೂಲದಲ್ಲಿ ಅದು ಚರ್ಚಿನ ಹಬ್ಬ, ಥೇಟ್ ನಮ್ಮ ಊರ ಜಾತ್ರೆ ಇದ್ದ ಹಾಗೆ. ವ್ಯತ್ಯಾಸ ಏನೆಂದರೆ, ಜಾತ್ರೆಗೆ ಜನ ಊರಿಗೆ ಬರುತ್ತಾರೆ, ಇಲ್ಲಿ ಊರೇ ಖಾಲಿ ಮಾಡಿಕೊಂಡು ಬ್ಲ್ಯಾಕ್‌ಪೂಲ್ ಸಮುದ್ರಕ್ಕೆ ಹೋಗುತ್ತಿತ್ತು. ಒಂದೊಂದು ಊರಿಗೆ ಒಂದೊಂದು ವಾರ. ಅಲ್ಲಿಗೆ ಹೋದರೂ ಪಕ್ಕದ ಬೀದಿಯವರೇ ಎದುರಾಗುತ್ತಿದ್ದರು. ನಾವೂ ಒಂದು ವರ್ಷ ಹೋದೆವು. ಸೀರೆಯ ಮೇಲೆ ಕೋಟು, ಕೈಯಲ್ಲಿ ಚಿತ್ರಾನ್ನದ ಡಬ್ಬಿ, ಮುಖಕ್ಕೆ ಮರಳು ಹೊಡೆಯುವ ಗಾಳಿ. ಅದನ್ನೇ ಇವರು ಬೇಸಿಗೆ ಅಂತ ಕರೆಯುತ್ತಿದ್ದರು.

ಅಂಗಡಿಗಳ ವಿಷಯ. ವಾರದ ಮಧ್ಯೆ ಒಂದು ದಿನ, ಕೆಲವು ಊರಲ್ಲಿ ಬುಧವಾರ, ಕೆಲವು ಕಡೆ ಗುರುವಾರ, ಮಧ್ಯಾಹ್ನದ ಮೇಲೆ ಬಾಗಿಲು ಹಾಕುತ್ತಿದ್ದರು. ಭಾನುವಾರ ಅಂತೂ ಊರು ಸ್ಮಶಾನ. ದೊಡ್ಡ ಅಂಗಡಿಗಳು ಭಾನುವಾರ ತೆರೆಯಲು ಕಾನೂನು ಬಂದದ್ದು 1994ರಲ್ಲಿ, ಅದೂ ಆರು ಗಂಟೆ ಮಾತ್ರ. ಅದು ಇವತ್ತಿಗೂ ಹಾಗೇ ಇದೆ. ಭಾನುವಾರ ಸಂಜೆ ಐದಕ್ಕೆ ತರಕಾರಿ ನೆನಪಾದರೆ ಪರದಾಡುತ್ತೀಯ.

ಅಡುಗೆ ಹೇಗೆ ಮಾಡುತ್ತಿದ್ದಿರಿ ಅಂತ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಇಂಗ್ಲಿಷರು ಸಿಹಿ ಪುಡ್ಡಿಂಗಿಗೆ ಕೊಳ್ಳುವ ಸೆಮೊಲಿನಾದಲ್ಲಿ ಉಪ್ಪಿಟ್ಟು. ಮಾವಿನಕಾಯಿ ಬದಲು ಬ್ರಾಮ್ಲಿ ಅನ್ನುವ ಹುಳಿ ಸೇಬು. ಅದರ ಚಿತ್ರಾನ್ನ, ಉಪ್ಪಿನಕಾಯಿ ಎರಡೂ ಮಾಡಬಹುದು. ಈಗಲೂ ಮಾಡುತ್ತೇನೆ, ಏಕೆಂದರೆ ಇಲ್ಲಿಗೆ ಬರುವ ಮಾವಿನಕಾಯಿಗಿಂತ ಇದೇ ವಾಸಿ. ದೋಸೆ ಹಿಟ್ಟು ಹುದುಗಲು ಬಿಸಿನೀರಿನ ಟ್ಯಾಂಕ್ ಇರುವ ಕಪಾಟು, ಏರಿಂಗ್ ಕಬೋರ್ಡ್. ಟವೆಲ್‌ಗಳಿಗೆಲ್ಲ ಹುಳಿ ವಾಸನೆ! ಈಗಿನ ಮನೆಗಳಲ್ಲಿ ಆ ಟ್ಯಾಂಕೇ ಇರುವುದಿಲ್ಲ. ಓವನ್ ಒಳಗಿನ ದೀಪ ಮಾತ್ರ ಹಾಕಿ ಹಿಟ್ಟು ಇಡು, ಸಾಕು. ಬೇಳೆ, ಹುಣಸೆಹಣ್ಣಿಗೆ ಬೋಲ್ಟನ್‌ನ ಗುಜರಾತಿ ಅಂಗಡಿಗೆ ಹೋಗುತ್ತಿದ್ದೆವು. ದೀಪಾವಳಿಗೆ ಸುರುಸುರುಬತ್ತಿಯ ಚಿಂತೆ ಇರಲಿಲ್ಲ. ಇವರಿಗೆ ನವೆಂಬರ್ 5ರಂದು ಬಾನ್‌ಫೈರ್ ನೈಟ್, ಆ ದಿನಗಳಲ್ಲಿ ಎಲ್ಲ ಅಂಗಡಿಯಲ್ಲೂ ಪಟಾಕಿ.

ಎಲ್ಲವೂ ಸಿಹಿ ಅಂದುಕೊಳ್ಳಬೇಡ. ವಲಸೆ ಬಂದವರನ್ನು ಓಡಿಸಬೇಕು ಅನ್ನುವ ನ್ಯಾಷನಲ್ ಫ್ರಂಟ್ ಪಕ್ಷದವರು ಮೆರೆಯುತ್ತಿದ್ದ ಕಾಲ ಅದು. ಬಸ್ ಸ್ಟಾಪಿನಲ್ಲಿ ಕೂಗಿದ್ದಾರೆ, ಉಗಿದಿದ್ದಾರೆ. ಬಾಡಿಗೆಗೆ ಮನೆ ಇದೆ ಅಂದವರು ನಮ್ಮ ಮುಖ ನೋಡಿದ ಮೇಲೆ ಇಲ್ಲ ಅಂದಿದ್ದಾರೆ. 2001ರಲ್ಲಿ ಬರ್ನ್ಲಿಯಲ್ಲೇ ಗಲಭೆ ಆಯಿತು. ಹಳೇ ದಿನ ಚಿನ್ನದಂಥವು ಅನ್ನುವವರು ಇದನ್ನೂ ಸೇರಿಸಿ ಹೇಳಲಿ.

ಈಗ ನಿನ್ನ ಮೊದಲ ಪ್ರಶ್ನೆ. ಹೌದು, ಸುಮ್ಮನೆ ಕೂತರೆ ಒಂಟಿ ಆಗುತ್ತೀಯ. ಈಗ ಹಾಲು ಸೂಪರ್ ಮಾರ್ಕೆಟ್ಟಿನದು, ಬಿಲ್ಲು ಮಾಡುವುದು ಯಂತ್ರ, ಬ್ಯಾಂಕು ಫೋನಿನಲ್ಲಿ. ಒಂದು ವಾರ ಯಾರ ಜೊತೆಗೂ ಮಾತಾಡದೆ ಬದುಕಬಹುದು. ಲಂಡನ್ನಿನಲ್ಲಿ ಇದು ಇನ್ನೂ ಸುಲಭ, ನೆನಪಿಟ್ಟುಕೋ. ನಮಗೆ ತಾನಾಗಿ ಸಿಕ್ಕ ಮಾತು ನೀನು ಹುಡುಕಿಕೊಂಡು ಹೋಗಬೇಕು. ಆದರೆ ಅಂಥ ಜಾಗ ಸಣ್ಣ ಊರುಗಳಲ್ಲೇ ಹೆಚ್ಚು ಉಳಿದಿವೆ.

ಬರಿ (Bury) ಅನ್ನುವ ಊರಿನ ಮಾರ್ಕೆಟ್ಟಿಗೆ ಹೋಗು. ಅಲ್ಲಿನ ವ್ಯಾಪಾರಿ ನಿನ್ನನ್ನು ‘ಲವ್’ ಅಂತ ಕರೆಯುತ್ತಾನೆ, ಗಾಬರಿ ಬೀಳಬೇಡ, ತೊಂಬತ್ತರ ಅಜ್ಜಿಯನ್ನೂ ಹಾಗೇ ಕರೆಯುತ್ತಾನೆ. ಬರ್ನ್ಲಿಯಿಂದ ಟಾಡ್ಮರ್ಡನ್ ಅನ್ನುವ ಊರಿಗೆ ರೈಲಿದೆ, 2015ರಿಂದ ನೇರ ಮ್ಯಾಂಚೆಸ್ಟರ್‌ವರೆಗೂ ಅದೇ ರೈಲು. ಆ ಊರಿನವರು 2008ರಲ್ಲಿ ರಸ್ತೆ ಬದಿ, ಪೊಲೀಸ್ ಠಾಣೆ ಮುಂದೆಲ್ಲ ತರಕಾರಿ ಬೆಳೆಯಲು ಶುರು ಮಾಡಿದರು. ಯಾರು ಬೇಕಾದರೂ ಕಿತ್ತುಕೊಳ್ಳಬಹುದು. ಕೈ ಜೋಡಿಸುತ್ತೇನೆ ಅಂದರೆ ಬೇಡ ಅನ್ನುವವರಿಲ್ಲ. ಕೌನ್ಸಿಲ್‌ನಿಂದ ಅಲಾಟ್‌ಮೆಂಟ್, ಅಂದರೆ ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ತುಂಡು ಜಾಗ, ಸಿಕ್ಕರೆ ಬಿಡಬೇಡ. ಮೆಂತ್ಯ, ಕೊತ್ತಂಬರಿ ಹಾಕು. ಪಕ್ಕದ ತಾತ ಬಂದು ನೀನು ಮಾಡುತ್ತಿರುವುದೆಲ್ಲ ತಪ್ಪು ಅಂತ ಹೇಳುತ್ತಾನೆ, ಸ್ನೇಹ ಶುರುವಾಯಿತು ಅಂತ ತಿಳಿ. ಕಾಲುವೆ ದಂಡೆಯಲ್ಲಿ ನಡೆಯುವಾಗ ಎದುರಾದವರಿಗೆಲ್ಲ ನಮಸ್ಕಾರ ಹೇಳುವುದು ಇಲ್ಲಿ ಪದ್ಧತಿ. ಬಸ್ಸಿಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳು. ಕನ್ನಡಕ್ಕೆ ಕನ್ನಡ ಬಳಗ ಇದೆ, 1983ರಿಂದ. ಯುಗಾದಿ, ದೀಪಾವಳಿಗೆ ಸೇರುತ್ತೇವೆ. ಆದರೆ ಬರೀ ನಮ್ಮವರ ಜೊತೆಗೇ ಇದ್ದುಬಿಡಬೇಡ ಕಣಮ್ಮಾ.

ಮಳೆಗೆ ಮಲೆನಾಡಿನವಳು ಹೆದರಬಾರದು. ಪೆಂಡಲ್ ಬೆಟ್ಟ ಕಾಣಿಸಿದರೆ ಮಳೆ ಬರುತ್ತದೆ, ಕಾಣಿಸದಿದ್ದರೆ ಮಳೆ ಬರುತ್ತಿದೆ ಅಂತ ಇಲ್ಲಿನವರ ಮಾತು. ಆದರೆ ಈ ಗಾಳಿಗೆ ಕೊಡೆ ಉಲ್ಟಾ ಆಗುತ್ತದೆ. ಟೋಪಿ ಇರುವ ಮಳೆಕೋಟು ಇಲ್ಲೇ ತಗೋ. ನೀನು ಸಸ್ಯಾಹಾರಿಯಾದರೆ ಚಿಪ್ಸ್ ಅಂಗಡಿಯಲ್ಲಿ ಯಾವುದರಲ್ಲಿ ಕರಿಯುತ್ತೀರಿ ಅಂತ ಮೊದಲು ಕೇಳು. ಈ ಕಡೆ ಕೆಲವರು ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ತುಪ್ಪ, ಪೇಡ ಪ್ಯಾಕ್ ಮಾಡಬೇಡ, ಹಾಲಿನ ಪದಾರ್ಥ ತರುವಂತಿಲ್ಲ. ಇಲ್ಲಿ ಉಪ್ಪಿಲ್ಲದ ಬೆಣ್ಣೆ ಕಾಯಿಸಿದರೆ ತುಪ್ಪ ಚೆನ್ನಾಗಿಯೇ ಬರುತ್ತದೆ.