ಹುಡುಗ ಕೆಲಸ ಬಿಟ್ಟ, ಪಾಸ್‌ವರ್ಡ್ ಅವನ ಫೋನಿನಲ್ಲೇ ಇದೆ

ಪ್ರಶ್ನೆ: ಮೈಸೂರಿನ ಹೆಬ್ಬಾಳದಲ್ಲಿ ನಮ್ಮದೊಂದು ಊದುಬತ್ತಿ ಕಾರ್ಖಾನೆ. ಆಫೀಸಿನಲ್ಲಿ ಹನ್ನೆರಡು ಜನ ಇದ್ದಾರೆ. ಇಮೇಲ್, ಜಿಎಸ್‌ಟಿ, ಇ-ವೇ ಬಿಲ್, ಕೊರಿಯರ್, ಎಲ್ಲದರ ಪಾಸ್‌ವರ್ಡೂ ಒಂದು ನೋಟ್‌ಬುಕ್ಕಿನಲ್ಲಿದೆ, ವಾಟ್ಸಾಪ್ ಗ್ರೂಪಿನಲ್ಲೂ ಇದೆ. ಹೋದ ತಿಂಗಳು ಅಕೌಂಟ್ಸ್ ಹುಡುಗ ಕೆಲಸ ಬಿಟ್ಟ. ಪಾಸ್‌ವರ್ಡ್ ಮ್ಯಾನೇಜರ್, ಅಂದರೆ ಎಲ್ಲ ಪಾಸ್‌ವರ್ಡನ್ನೂ ಬೀಗ ಹಾಕಿ ಒಂದೇ ಕಡೆ ಇಡುವ ಆ್ಯಪ್, ಹಾಕಿಸಿ ಅಂತ ಮಗಳು ಹೇಳುತ್ತಾಳೆ. ಎಲ್ಲ ಬೀಗದ ಕೈಯನ್ನೂ ಒಂದೇ ಕಡೆ ಇಟ್ಟರೆ ಕಳ್ಳನಿಗೇ ಸಲೀಸಲ್ವಾ ಸರ್?

ಉತ್ತರ: ಮೊದಲು ಆ ಹುಡುಗನಿಗೆ ಗೊತ್ತಿದ್ದ ಪಾಸ್‌ವರ್ಡ್‌ಗಳನ್ನೆಲ್ಲ ಇವತ್ತೇ ಬದಲಿಸಿ. ಅವನು ಒಳ್ಳೆಯವನೇ ಇರಬಹುದು. ಆದರೆ ಅವನ ಫೋನಿನಲ್ಲಿರುವ ಹಳೇ ಮೆಸೇಜನ್ನು ನೀವು ಅಳಿಸಲು ಆಗುವುದಿಲ್ಲ. ಆ ಫೋನ್ ನಾಳೆ ಯಾರ ಕೈಗೆ ಸೇರುತ್ತದೋ!

ನಿಮ್ಮ ಮಗಳು ಹೇಳಿದ್ದು ಸರಿ. ನಮ್ಮೂರಿನ ಆಫೀಸುಗಳಲ್ಲಿ ‘ಚಾಮುಂಡಿ@123’ ಥರದ ಒಂದೇ ಪಾಸ್‌ವರ್ಡ್ ಹತ್ತು ಕಡೆ ಓಡುತ್ತಿರುತ್ತದೆ. 2012ರಲ್ಲಿ ಉದ್ಯೋಗಿಗಳ ಜಾಲತಾಣ ಲಿಂಕ್ಡ್‌ಇನ್‌ನಿಂದ ಕಳವಾದ ಮಾಹಿತಿ 2016ರಲ್ಲಿ ಮಾರಾಟಕ್ಕೆ ಬಂತು, 11 ಕೋಟಿಗೂ ಜಾಸ್ತಿ ಖಾತೆಗಳದ್ದು. ಹೀಗೆ ಸಿಕ್ಕ ಇಮೇಲ್, ಪಾಸ್‌ವರ್ಡ್ ಜೋಡಿಯನ್ನು ಕಳ್ಳರು ಬೇರೆ ಸೈಟುಗಳಲ್ಲೂ ಹಾಕಿ ನೋಡುತ್ತಾರೆ. ಮ್ಯಾನೇಜರ್ ಇದ್ದರೆ ಒಂದೊಂದು ಖಾತೆಗೂ ಬೇರೆ ಬೇರೆ ಉದ್ದನೆಯ ಪಾಸ್‌ವರ್ಡನ್ನು ಅದೇ ಹುಟ್ಟಿಸುತ್ತದೆ. ಯಾರೂ ಬಾಯಿಪಾಠ ಮಾಡಬೇಕಿಲ್ಲ.

ನನಗೆ ಅದಕ್ಕಿಂತ ಇಷ್ಟವಾಗುವ ಗುಣ ಬೇರೆ. ಅದು ಸೈಟಿನ ವಿಳಾಸವನ್ನೂ ನೆನಪಿಟ್ಟಿರುತ್ತದೆ. ಕೊರಿಯರ್ ಕಂಪನಿಯ ನಕಲಿ ಪುಟ ತೆರೆದರೆ ನಮ್ಮ ಕಣ್ಣು ಮೋಸ ಹೋಗಬಹುದು, ಅದು ಮಾತ್ರ ಪಾಸ್‌ವರ್ಡ್ ತುಂಬುವುದಿಲ್ಲ. ‘ತಾನಾಗಿ ತುಂಬದಿದ್ದರೆ ಕೈಯಿಂದ ಟೈಪ್ ಮಾಡಬೇಡಿ, ಬಂದು ಹೇಳಿ’ ಅಂತ ಹುಡುಗರಿಗೆ ಹೇಳಿಡಿ.

ಬೀಗದ ಕೈ ವಿಚಾರಕ್ಕೆ ಬರೋಣ. ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. 2022ರಲ್ಲಿ ಲಾಸ್ಟ್‌ಪಾಸ್ ಅನ್ನುವ ಪಾಸ್‌ವರ್ಡ್ ಮ್ಯಾನೇಜರ್ ಕಂಪನಿಯಿಂದ ಗ್ರಾಹಕರ ಪಾಸ್‌ವರ್ಡ್ ಪೆಟ್ಟಿಗೆಗಳನ್ನೇ ಕದ್ದರು. ಆದರೆ ಪಾಸ್‌ವರ್ಡ್‌ಗಳು ಬೀಗ ಹಾಕಿದ ಸ್ಥಿತಿಯಲ್ಲೇ ಇದ್ದವು. ಪೆಟ್ಟಿಗೆ ತೆರೆಯುವ ಮುಖ್ಯ ಪಾಸ್‌ವರ್ಡ್ ಸಲೀಸಾಗಿ ಊಹಿಸುವಂತಿದ್ದವರಿಗೇ ಅಪಾಯ ಜಾಸ್ತಿ. ಅದಕ್ಕೇ ಒಂದಕ್ಕೊಂದು ಸಂಬಂಧವಿಲ್ಲದ ಐದು ಪದ ಸೇರಿಸಿ ಮುಖ್ಯ ಪಾಸ್‌ವರ್ಡ್ ಮಾಡಿಕೊಳ್ಳಿ. ಪಾಸ್‌ವರ್ಡ್ ಜೊತೆಗೆ ಫೋನಿನ ಕೋಡ್ ಥರದ್ದನ್ನೂ ಕೇಳುವ ಎರಡನೇ ಹಂತದ ಪರಿಶೀಲನೆಯನ್ನೂ ಕಡ್ಡಾಯ ಮಾಡಿ. ನಿಮ್ಮ ಮುಖ್ಯ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಲಾಕರಿನಲ್ಲಿಡಿ.

ಬಿಟ್‌ವಾರ್ಡನ್, 1ಪಾಸ್‌ವರ್ಡ್ ಅನ್ನುವ ಮ್ಯಾನೇಜರ್ ಎರಡರಲ್ಲೂ ಕಂಪನಿಗಳಿಗೆಂದೇ ಪ್ಲಾನ್ ಇದೆ, ತಲೆಗಿಷ್ಟು ಅಂತ ದುಡ್ಡು. ಕೀಪಾಸ್ ಅನ್ನುವ ಇನ್ನೊಂದು ಮ್ಯಾನೇಜರ್ ಉಚಿತ, ಆದರೆ ಒಂದೇ ಫೈಲನ್ನು ಹನ್ನೆರಡು ಜನ ಬಳಸುವುದು ತಲೆನೋವು. ಅಕೌಂಟ್ಸ್‌ನವರಿಗೆ ಅವರದ್ದು, ಡಿಸ್ಪ್ಯಾಚ್‌ನವರಿಗೆ ಅವರದ್ದು ಮಾತ್ರ ಕಾಣುವಂತೆ ಹಂಚಿ. ಕೆಲಸ ಬಿಟ್ಟವರನ್ನು ಒಂದೇ ಕ್ಲಿಕ್‌ನಲ್ಲಿ ತೆಗೆಯಬಹುದು. ತೆಗೆದ ಮೇಲೂ ಅವರು ಬಳಸುತ್ತಿದ್ದ ಪಾಸ್‌ವರ್ಡ್ ಬದಲಿಸಬೇಕು, ನೋಡಿ ಬರೆದಿಟ್ಟುಕೊಂಡಿರಬಹುದಲ್ಲ.

ಇನ್ನೊಂದು ಮಾತು. ಇ-ವೇ ಬಿಲ್ ಪೋರ್ಟಲ್‌ನಲ್ಲಿ ಸಬ್-ಯೂಸರ್, ಅಂದರೆ ಸಿಬ್ಬಂದಿಗೆ ಬೇರೆಯದೇ ಲಾಗಿನ್, ಮಾಡುವ ಸೌಲಭ್ಯ ಇದೆ, ಅಲ್ಲಿ ಪಾಸ್‌ವರ್ಡ್ ಹಂಚುವ ಗೋಜೇ ಬೇಡ. ಬ್ಯಾಂಕಿನದ್ದನ್ನಂತೂ ಹಂಚಲೇಬೇಡಿ. ಒಬ್ಬರು ಪಾವತಿ ನಮೂದಿಸಿ ಇನ್ನೊಬ್ಬರು ಒಪ್ಪುವ ಹಾಗೆ ಬೇರೆ ಬೇರೆ ಲಾಗಿನ್ ಕೊಡಿ ಅಂತ ಬ್ಯಾಂಕಿನವರನ್ನು ಕೇಳಿ.

ಮೊದಲ ವಾರ ಮೂವರಿಂದ ಶುರು ಮಾಡಿ. ಆ ಮೂವರಲ್ಲಿ ನೀವೂ ಒಬ್ಬರಾಗಿರಿ. ‘ನನಗೆ ಇದೆಲ್ಲ ಬೇಡಪ್ಪ’ ಅನ್ನುವವರು ಸಾಮಾನ್ಯವಾಗಿ ಯಜಮಾನರೇ! ಎಲ್ಲ ಮುಗಿದ ಮೇಲೆ ಆ ನೋಟ್‌ಬುಕ್ಕನ್ನು ರದ್ದಿಗೆ ಹಾಕಬೇಡಿ, ಸುಟ್ಟುಬಿಡಿ.