ಓದುಗರ ಪ್ರಶ್ನೆ: ಮಕ್ಕಳ ಕರಾಟೆ, ಗರಡಿ, ಆತ್ಮರಕ್ಷಣೆ

ಮಕ್ಕಳಿಗೆ ಕರಾಟೆ, ಕುಸ್ತಿ ಕಲಿಸುವವರಿಂದಲೂ ಕಲಿಯಲು ಕಳಿಸುವವರಿಂದಲೂ ಪ್ರಶ್ನೆಗಳು ಬಂದಿವೆ. ಈ ಸಂಚಿಕೆಗೆ ಮೈಸೂರು, ಮಂಡ್ಯ ಕಡೆಯವನ್ನು ಆರಿಸಿಕೊಂಡಿದ್ದೇವೆ.

ಕುವೆಂಪುನಗರದಲ್ಲಿ ವಾರಕ್ಕೆ ಮೂರು ಸಂಜೆ ಕರಾಟೆ ಹೇಳಿಕೊಡ್ತೀನಿ. ಆರರಿಂದ ಹನ್ನೆರಡು ವರ್ಷದ 24 ಮಕ್ಕಳು, ಒಂದು ಗಂಟೆ ಕ್ಲಾಸು. ಮೊದಲ ಹತ್ತು ನಿಮಿಷ ಚೆನ್ನಾಗಿರುತ್ತೆ, ಆಮೇಲೆ ತಳ್ಳಾಟ, ಗಲಾಟೆ. ಕೂಗಿ ಕೂಗಿ ಗಂಟಲು ಕಟ್ಟಿದೆ. ಕ್ಲಾಸನ್ನು ಹೇಗೆ ಜೋಡಿಸಿಕೊಳ್ಳಲಿ?
— ಕರಾಟೆ ಶಿಕ್ಷಕ, ಮೈಸೂರು

ಗಲಾಟೆ ಹುಟ್ಟುವುದು ಮಕ್ಕಳು ಕಾಯುವಾಗ. ಎರಡು ಕಿಕ್ ಪ್ಯಾಡ್ ಇಟ್ಟು, ಹನ್ನೆರಡು ಹನ್ನೆರಡು ಮಕ್ಕಳ ಎರಡು ಸಾಲು ನಿಲ್ಲಿಸಿದಿರಿ ಅಂದುಕೊಳ್ಳಿ. ಒಬ್ಬರು ಬಂದು ಒದ್ದು ಹೋಗಲು ಐದು ಸೆಕೆಂಡ್, ಒಂದು ಸುತ್ತಿಗೆ ಒಂದು ನಿಮಿಷ. ಹತ್ತು ನಿಮಿಷದಲ್ಲಿ ಒಂದು ಮಗು ಒದ್ದದ್ದು ಹತ್ತೇ ಸಲ, ಸುಮ್ಮನೆ ನಿಂತದ್ದು ಒಂಬತ್ತು ನಿಮಿಷಕ್ಕೂ ಹೆಚ್ಚು. ಅಷ್ಟು ಹೊತ್ತು ಏಳು ವರ್ಷದ ಮಗು ಮುಂದಿನವನ ಬೆಲ್ಟ್ ಎಳೆಯದೆ ಇನ್ನೇನು ಮಾಡೀತು? ಅದೇ 24 ಮಕ್ಕಳನ್ನು ಜೋಡಿ ಮಾಡಿ, ಒಬ್ಬರು ಹಿಡಿದು ಒಬ್ಬರು ಒದೆಯಲಿ. ತಲಾ ಐದು ನಿಮಿಷ ಸಿಗುತ್ತದೆ, ಐದು ಸೆಕೆಂಡಿಗೊಂದರಂತೆ 60 ಒದೆತ ಆಗುತ್ತದೆ.

ಅಷ್ಟು ಪ್ಯಾಡ್ ಎಲ್ಲಿಂದ ತರೋದು ಅಂತೀರಾ? ಗುದ್ದಿನ ಅಭ್ಯಾಸಕ್ಕೆ ಹಳೇ ದಿನಪತ್ರಿಕೆ ಸಾಕು. ಜೊತೆಗಾರ ಒಂದು ಹಾಳೆಯ ಮೇಲಿನ ಎರಡು ಮೂಲೆ ಹಿಡಿದು, ಕೈ ನೀಡಿ, ತನ್ನ ಮುಖ ಮತ್ತು ಎದೆಯ ನೇರಕ್ಕೆ ಬಾರದಂತೆ ಪಕ್ಕಕ್ಕೆ ಹಿಡಿಯಬೇಕು. ಗುದ್ದು ನಿಧಾನವಾದರೆ ಹಾಳೆ ಸುಮ್ಮನೆ ಹಿಂದಕ್ಕೆ ಬಾಗುತ್ತದೆ. ಗುದ್ದುವ ಕೈ ಚುರುಕಾಗಿ ಹೋಗಿ, ಇನ್ನೊಂದು ಕೈ ಅಷ್ಟೇ ಚುರುಕಾಗಿ ಸೊಂಟಕ್ಕೆ ಬಂದರೆ ‘ಟಪ್’ ಅಂತ ಸದ್ದಾಗುತ್ತದೆ, ಕೆಲವು ಸಲ ಹರಿದೇ ಹೋಗುತ್ತದೆ. ಸರಿಯೋ ತಪ್ಪೋ ಅಂತ ಆ ಹಾಳೆಯೇ ಹೇಳುವುದರಿಂದ ನೀವು 24 ಮಕ್ಕಳ ಹಿಂದೆ ಓಡಬೇಕಿಲ್ಲ. ಒದೆತಕ್ಕೆ ನಾಲ್ಕು ಮಡಿಕೆ ಮಾಡಿದ ಟವೆಲ್ ಆದೀತು.

ಒಂದು ಗಂಟೆಯನ್ನು ಹೀಗೆ ಹಂಚಿ ನೋಡಿ. ಸಾಲಾಗಿ ನಿಂತು ನಮಸ್ಕರಿಸಲು ಮೂರು ನಿಮಿಷ. ಮುಟ್ಟಾಟ, ಕಪ್ಪೆ ಜಿಗಿತ, ಕರಡಿ ನಡಿಗೆಯಿಂದ ಮೈ ಬಿಸಿಯಾಗಲು ಎಂಟು. ಕಿಹೊನ್ (ಮೂಲ ಗುದ್ದು, ಒದೆತಗಳ ಅಭ್ಯಾಸ) ಹನ್ನೆರಡು, ಜೋಡಿ ಅಭ್ಯಾಸ ಹದಿನೈದು, ಕಟಾ (ಗೊತ್ತಾದ ಕ್ರಮದಲ್ಲಿ ಮಾಡುವ ಚಲನೆಗಳ ಸರಣಿ) ಹನ್ನೆರಡು, ಆಟ ಐದು, ಉಸಿರಾಟ ಮತ್ತು ಮುಗಿತಾಯ ಐದು. ಸಾಧ್ಯವಿದ್ದರೆ ಆರರಿಂದ ಎಂಟು ವರ್ಷದವರನ್ನು ಬೇರೆ ಮಾಡಿ, ಅವರಿಗೆ 40 ನಿಮಿಷಕ್ಕೇ ಕ್ಲಾಸು ಮುಗಿಸಿ. ಯಾವ ಹೊಸ ಪಾಠದ ವಿವರಣೆಯೂ ಅರ್ಧ ನಿಮಿಷ ದಾಟಬಾರದು. ಒಮ್ಮೆ ಮಾಡಿ ತೋರಿಸಿ, ಗಮನಿಸಬೇಕಾದ ಒಂದೇ ಒಂದು ಅಂಶ ಹೇಳಿ, ‘ಹಾಜಿಮೆ’ (ಶುರು ಮಾಡಿ) ಅಂದುಬಿಡಿ. ಉಳಿದ ತಪ್ಪುಗಳನ್ನು ಮಾಡುತ್ತಿರುವಾಗಲೇ ಒಂದೊಂದಾಗಿ ತಿದ್ದಬಹುದು. ‘ಯಾಮೆ’ (ನಿಲ್ಲಿಸಿ) ಅಂದ ತಕ್ಷಣ ಕೈಕಾಲು ನಿಲ್ಲುವುದನ್ನು ಮೊದಲ ವಾರ ಆಟದಂತೆ ಆಡಿಸಿ. ಅದೊಂದು ಕೂತರೆ ಕೂಗಾಟ ಬೇಕಾಗುವುದಿಲ್ಲ.

ಕಟಾ ಹೊತ್ತಿಗೆ ಮಕ್ಕಳು ಬೇಸತ್ತಿರುತ್ತಾರೆ ಅನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಜಪಾನಿನ ಓಕಿನಾವಾದ ಕರಾಟೆ ಗುರು ಆಂಕೊ ಇತೊಸು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪಿನಾನ್ ಕಟಾಗಳನ್ನು ರೂಪಿಸಿದ್ದೇ ಶಾಲಾ ಮಕ್ಕಳಿಗೆ ಕಲಿಸಲು. ಕರಾಟೆಯ ಒಂದು ಶೈಲಿಯಾದ ಶೋಟೊಕಾನ್‌ನಲ್ಲಿ ಅವಕ್ಕೆ ಹೇಯಾನ್ ಅನ್ನುತ್ತಾರೆ. ಆದ್ದರಿಂದ ತೊಂದರೆ ಕಟಾದಲ್ಲಿಲ್ಲ, ಇಡಿಯಾಗಿ ನುಂಗಿಸುವುದರಲ್ಲಿದೆ. ಅವುಗಳಲ್ಲಿ ಮೊದಲನೆಯದಾದ ಹೇಯಾನ್ ಶೋದಾನ್‌ನ 21 ಚಲನೆಗಳನ್ನು 5, 4, 4, 4, 4 ಎಂದು ತುಂಡು ಮಾಡಿ, ವಾರಕ್ಕೊಂದು ತುಂಡು ಕೊಡಿ. ‘ಕಿಯಾಯ್’ ಅನ್ನುವ ಗಟ್ಟಿ ಕೂಗು 9 ಮತ್ತು 17ನೇ ಚಲನೆಯಲ್ಲಿ ಬರುವುದರಿಂದ ಎರಡನೇ ಮತ್ತು ನಾಲ್ಕನೇ ತುಂಡು ಕೂಗಿನೊಂದಿಗೇ ಮುಗಿಯುತ್ತವೆ, ಮಕ್ಕಳು ಅದಕ್ಕಾಗಿ ಕಾಯುತ್ತಾರೆ. ಹೆಚ್ಚಿನವರು ಎಡವುವುದು 9ರ ನಂತರದ ತಿರುವಿನಲ್ಲಿ. ಬಲಗಾಲ ಮೇಲೆ ನಿಂತು ಮುಕ್ಕಾಲು ಸುತ್ತು ತಿರುಗಬೇಕು, ಮಗು ಹತ್ತಿರದ ದಾರಿ ಹಿಡಿದು ಕಾಲು ಸುತ್ತು ತಿರುಗಿಬಿಡುತ್ತದೆ. ನಾಲ್ಕು ಗೋಡೆಗೂ ಕಿಟಕಿ, ಬಾಗಿಲು, ಬೋರ್ಡು, ಫ್ಯಾನ್ ಸ್ವಿಚ್ಚು ಅಂತ ಹೆಸರಿಟ್ಟು, ಕೈ ಚಲನೆ ಬಿಟ್ಟು ಬರೀ ಗೋಡೆಗಳ ಹೆಸರು ಕೂಗುತ್ತಾ ತಿರುಗಿಸಿ. ದಾರಿ ಕಾಲಿಗೆ ಕೂತ ಮೇಲೆ ಕೈ ಸೇರಿಸಿದರೆ ಸಾಕು.

ಮುಂದಕ್ಕೆ ಒದೆಯುವಾಗ ಮಕ್ಕಳಿಗೆ ಕಾಲ್ಬೆರಳು ಮಡಚಿ ನೋವಾಗುತ್ತಿದೆ. ಎಷ್ಟು ಹೇಳಿದರೂ ಬೆರಳಿನಿಂದಲೇ ಒದೆಯುತ್ತಾರೆ.
— ಸಹಾಯಕ ಶಿಕ್ಷಕಿ, ಸರಸ್ವತಿಪುರಂ

ಮಾಯೆ ಗೆರಿಯಲ್ಲಿ, ಅಂದರೆ ಈ ಮುಂದೊದೆತದಲ್ಲಿ, ತಾಗಬೇಕಾದ್ದು ಬೆರಳ ಬುಡದ ದಿಂಡು. ಅದು ಎಲ್ಲಿದೆ ಅಂತಲೇ ಮಕ್ಕಳಿಗೆ ಗೊತ್ತಿರುವುದಿಲ್ಲ. ಮೊದಲು ತುದಿಗಾಲಲ್ಲಿ ನಿಲ್ಲಿಸಿ, ನೆಲಕ್ಕೆ ಒತ್ತುವ ಆ ಭಾಗವನ್ನು ಅವರೇ ಮುಟ್ಟಿ ನೋಡಲಿ. ಆಮೇಲೆ ಗೋಡೆಗೆ ಒಂದು ಕೈ ಕೊಟ್ಟು, ಬೆರಳನ್ನು ಮೇಲಕ್ಕೆಳೆದುಕೊಂಡು, ಅದೇ ಭಾಗದಿಂದ ಟವೆಲನ್ನು ಮೆಲ್ಲಗೆ ತಳ್ಳಲಿ. ಒದೆತ ಆಮೇಲೆ.

ಇನ್ನೊಂದು ತಪ್ಪು, ಮಂಡಿ ಎತ್ತದೆ ಫುಟ್‌ಬಾಲ್ ಒದ್ದ ಹಾಗೆ ಕಾಲನ್ನು ಕೆಳಗಿನಿಂದ ಬೀಸುವುದು. ಬೆರಳಿಗೆ ಪೆಟ್ಟಾಗಲು ಮುಖ್ಯ ಕಾರಣ ಇದೇ, ಪಾದ ಗುರಿಯನ್ನು ಕೆಳಗಿನಿಂದ ಸವರಿಕೊಂಡು ಹೋಗುತ್ತದೆ. ಮಗುವಿನ ಮುಂದೆ ಮಂಡಿಗಿಂತ ಸ್ವಲ್ಪ ತಗ್ಗಿನ ಪ್ಲಾಸ್ಟಿಕ್ ಸ್ಟೂಲ್ ಇಡಿ. ಮಂಡಿ ಎತ್ತು, ನೀಡು, ಮಡಚು, ಇಳಿಸು ಎಂದು ನಾಲ್ಕು ಎಣಿಕೆಯಲ್ಲಿ ಪಾದ ಸ್ಟೂಲಿನ ಮೇಲಿನಿಂದ ಹೋಗಿ ಮೇಲಿನಿಂದಲೇ ವಾಪಸು ಬರಬೇಕು. ‘ಮಡಚು’ ಬಿಟ್ಟರೆ ಕಾಲು ಸ್ಟೂಲಿನ ಮೇಲೇ ಬೀಳುತ್ತದೆ, ತಪ್ಪು ಮಗುವಿಗೇ ಗೊತ್ತಾಗುತ್ತದೆ. ಎತ್ತರದ ಆಸೆಯನ್ನು ಈ ಹಂತದಲ್ಲಿ ಬಿಡಿ, ಸೊಂಟದ ಮಟ್ಟ ಸಾಕು.

ಮಂಡ್ಯ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ಹೆಣ್ಣುಮಕ್ಕಳ ಆತ್ಮರಕ್ಷಣೆ ತರಬೇತಿಗೆ ಮೂರು ತಿಂಗಳು, 40 ಹುಡುಗಿಯರು. ಮ್ಯಾಟ್ ಇಲ್ಲ, ಮಣ್ಣಿನ ಮೈದಾನ. ಏನೇನು ಕಲಿಸಬೇಕು ಮೇಡಂ?
— ಶಿಕ್ಷಕಿ, ಮಂಡ್ಯ

ಪಟ್ಟುಗಳ ಪಟ್ಟಿ ಉದ್ದವಾದಷ್ಟೂ ಬೇಕಾದ ಹೊತ್ತಿಗೆ ಒಂದೂ ನೆನಪಾಗುವುದಿಲ್ಲ. ಐದೇ ಸಾಕು: ಗಟ್ಟಿಯಾಗಿ ಕೂಗುವುದು, ಕೈ ಮುಂದೆ ಚಾಚಿ ಅಂತರ ಕಾಯ್ದುಕೊಳ್ಳುವುದು, ಮಣಿಕಟ್ಟು ಬಿಡಿಸಿಕೊಳ್ಳುವುದು, ಅಂಗೈ ಬುಡದಿಂದ ಹೊಡೆಯುವುದು, ಮಂಡಿಯಿಂದ ಗುದ್ದಿ ಜನ ಇರುವ ಕಡೆಗೆ ಓಡುವುದು. ಕೂಗುವುದಕ್ಕೆ ಎಲ್ಲಕ್ಕಿಂತ ಹೆಚ್ಚು ದಿನ ಬೇಕು. ‘ಮೆಲ್ಲಗೆ ಮಾತಾಡು’ ಅಂತ ಕೇಳಿಕೊಂಡೇ ಬೆಳೆದ ಹುಡುಗಿಯರಿಗೆ ಮೈದಾನದ ಈ ತುದಿಯಿಂದ ಆ ತುದಿಗೆ ಕೇಳುವಂತೆ ‘ಬಿಡು ಕೈ!’ ಅನ್ನಲು ಸಂಕೋಚ. ಮೊದಲು ನಲವತ್ತೂ ಜನ ಒಟ್ಟಿಗೆ ಕೂಗಲಿ, ಆಮೇಲೆ ಹತ್ತು ಜನ, ಆಮೇಲೆ ಜೋಡಿ, ಕೊನೆಗೆ ಒಬ್ಬೊಬ್ಬರೇ.

ಮಣಿಕಟ್ಟು ಹಿಡಿದಾಗ ಹುಡುಗಿಯರು ನೇರ ಹಿಂದಕ್ಕೆ ಜಗ್ಗುತ್ತಾರೆ, ಜಗ್ಗಾಟದಲ್ಲಿ ಬಲ ಹೆಚ್ಚಿದ್ದವರೇ ಗೆಲ್ಲುತ್ತಾರೆ. ಹಿಡಿತ ಸಡಿಲ ಇರುವುದು ಹಿಡಿದವನ ಹೆಬ್ಬೆರಳೂ ಉಳಿದ ಬೆರಳೂ ಸೇರುವ ಜಾಗದಲ್ಲಿ. ನಮ್ಮ ಮಣಿಕಟ್ಟಿನ ಅಗಲ ಭಾಗವನ್ನಲ್ಲ, ತೆಳ್ಳಗಿನ ಅಂಚನ್ನು ಆ ಸಂದಿಗೆ ತಿರುಗಿಸಬೇಕು. ಹಿಂದೆ ಸರಿಯದೆ ಒಂದು ಹೆಜ್ಜೆ ಒಳಗಿಟ್ಟು, ಮೊಣಕೈಯನ್ನು ಮಡಚಿ ಅವನ ಮುಂಗೈ ಕಡೆ ತಳ್ಳುತ್ತಲೇ ಕೈಯನ್ನು ಆ ಸಂದಿಯಿಂದ ಕಿತ್ತುಕೊಳ್ಳಬೇಕು. ಅಭ್ಯಾಸದಲ್ಲಿ ಗೆಳತಿ ಪಾಪ ಅಂತ ಬೇಗ ಬಿಟ್ಟುಬಿಡುತ್ತಾಳೆ, ಕಲಿತೆ ಅನ್ನುವ ಭ್ರಮೆ ಉಳಿಯುತ್ತದೆ. ಒಂದು ಅಂದರೆ ಸಡಿಲ, ಎರಡು ಅಂದರೆ ಬಿಗಿ, ಮೂರು ಅಂದರೆ ಪೂರಾ ಬಲ ಎಂದು ಅಂಕ ಕೂಗಿ ಹಿಡಿಸಿ. ಎರಡನೇ ವಾರದಿಂದ ಗಾತ್ರದಲ್ಲಿ ದೊಡ್ಡವರ ಜೊತೆ ಜೋಡಿ ಹಾಕಿ.

ತಿದ್ದಲು ಮೈ ಮುಟ್ಟುವ ಮೊದಲು ಕೇಳಿ ಮುಟ್ಟಿ, ಅಥವಾ ನಿಮ್ಮ ಮೈಯಲ್ಲೇ ತೋರಿಸಿ. ಬಯಸದ ಸ್ಪರ್ಶಕ್ಕೆ ಬೇಡ ಎನ್ನುವ ಹಕ್ಕು ತಮಗಿದೆ ಅನ್ನುವುದು ಅವರಿಗೆ ಅಲ್ಲೇ ಅಭ್ಯಾಸವಾಗಬೇಕು. ಮಕ್ಕಳ ಸಹಾಯವಾಣಿ 1098ನ್ನು ಬಾಯಿಪಾಠ ಮಾಡಿಸಿ. ಯಾರಾದರೂ ಮನೆಯ ಅಥವಾ ನೆರೆಯ ಲೈಂಗಿಕ ಕಿರುಕುಳ ಹೇಳಿಕೊಂಡರೆ ನಿಮ್ಮಲ್ಲೇ ಇಟ್ಟುಕೊಳ್ಳುವಂತಿಲ್ಲ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಆ ಹುಡುಗಿಗೆ ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ.

ನನ್ನ ಮಗನಿಗೆ ಎಂಟು ವರ್ಷ. ಕ್ಲಾಸಿನಲ್ಲಿ ಸಿಮೆಂಟ್ ನೆಲದ ಮೇಲೆ ಗಿಣ್ಣು ಊರಿ ದಂಡ ಹೊಡೆಸುತ್ತಾರೆ. ಶಾಲಾ ವಾರ್ಷಿಕೋತ್ಸವಕ್ಕೆ ಹಂಚು ಒಡೆಸುವುದಾಗಿ ಹೇಳಿದ್ದಾರೆ. ಸರಿಯೇ?
— ತಾಯಿ, ಮಂಡ್ಯ

ಸರಿಯಲ್ಲ. ಮಕ್ಕಳ ಮೂಳೆಯ ತುದಿಗಳಲ್ಲಿ ಬೆಳವಣಿಗೆ ನಡೆಯುವ ಮೃದು ಭಾಗ ಇರುತ್ತದೆ. ಹದಿಹರೆಯ ಮುಗಿಯುತ್ತಾ ಬಂದಂತೆ ಅದು ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ಅಲ್ಲಿಗೆ ಬೀಳುವ ಪೆಟ್ಟು ಬೆರಳಿನ ಬೆಳವಣಿಗೆಯನ್ನೇ ಕೆಡಿಸಬಹುದು. ಅಂಗೈ ಊರಿದ ದಂಡ ಧಾರಾಳವಾಗಿ ಮಾಡಲಿ. ಹಂಚು ಒಡೆದರೆ ಸಭೆ ಚಪ್ಪಾಳೆ ತಟ್ಟುತ್ತದೆ, ಮಗುವಿನ ಕರಾಟೆಗೆ ಅದರಿಂದ ಏನೂ ಸೇರುವುದಿಲ್ಲ. ಕಾಲು ಅಗಲಿಸಿ ಕೂರಿಸಿ ಹಿಂದಿನಿಂದ ಒತ್ತುವ ರೂಢಿಯೂ ಇದ್ದರೆ ಅದನ್ನೂ ಬೇಡ ಅನ್ನಿ. ಬದಲಿಗೆ ವೇದಿಕೆಯ ಮೇಲೆ ಇಡೀ ಗುಂಪು ಒಂದೇ ತಾಳದಲ್ಲಿ ಕಟಾ ಮಾಡಲಿ ಎಂದು ಮಾಸ್ಟರ್ ಹತ್ತಿರ ಮಾತಾಡಿ.

ಮೈಸೂರಿನ ಹಳೇ ಗರಡಿಯೊಂದನ್ನು ನೋಡಿಕೊಳ್ಳುತ್ತಿದ್ದೇವೆ. ದಸರಾ ಕುಸ್ತಿ ನೋಡಿ ಹುಮ್ಮಸ್ಸಿನಲ್ಲಿ ಹುಡುಗರು ಬರ್ತಾರೆ, ಹದಿನೈದು ದಿನಕ್ಕೆ ನಿಂತುಬಿಡ್ತಾರೆ. ಉಳಿಸಿಕೊಳ್ಳೋದು ಹೇಗೆ?
— ಗರಡಿಯ ಹಿರಿಯರು, ಮೈಸೂರು

ದೊಡ್ಡಕೆರೆ ಮೈದಾನದಲ್ಲಿ ಅವರು ನೋಡಿದ್ದು ಜೋಡಿ ಕುಸ್ತಿ. ನಿಮ್ಮಲ್ಲಿ ಸಿಗುತ್ತಿರುವುದು ಬರೀ ದಂಡ, ಬಸ್ಕಿ ಇರಬಹುದು. ದೊಡ್ಡವರ ಸಾಮನ್ನೇ ಲೆಕ್ಕ ಇಳಿಸಿ ಮಕ್ಕಳಿಗೆ ಕೊಡಬೇಡಿ. ಮೊದಲ ದಿನವೇ ಅಖಾಡಕ್ಕಿಳಿಸಿ, ಮಂಡಿಯೂರಿ ಒಬ್ಬರನ್ನೊಬ್ಬರು ಗೆರೆಯಾಚೆ ತಳ್ಳುವ ಆಟ ಆಡಿಸಿ. ಮಂಡಿ ಮೇಲೆ ಇರುವುದರಿಂದ ಬಿದ್ದರೂ ಪೆಟ್ಟಿಲ್ಲ, ಹಿಡಿತದ ರುಚಿ ಸಿಗುತ್ತದೆ. ದಂಡ, ಬಸ್ಕಿ ಐದೈದರಂತೆ ಆಟಗಳ ನಡುವೆ ಬರಲಿ. ಮಣ್ಣು ಅಗೆಯುವ, ಸಮ ಮಾಡುವ ಕೆಲಸದಲ್ಲೂ ಸೇರಿಸಿಕೊಳ್ಳಿ, ಬೆನ್ನು ಭುಜಕ್ಕೆ ಅದಕ್ಕಿಂತ ಒಳ್ಳೇ ಸಾಮು ಕಡಿಮೆ. ಅಗೆದ ಮೇಲೆ ಕಲ್ಲು, ಗಾಜಿನ ಚೂರು ಹೆಕ್ಕುವುದನ್ನೂ ಅವರಿಗೇ ಒಪ್ಪಿಸಿ, ಪಕ್ಕದಲ್ಲಿ ನಿಂತು ನೋಡಿಕೊಳ್ಳಿ.

ಪಟ್ಟುಗಳಿಗಿಂತ ಮೊದಲು ಬೀಳುವುದನ್ನು ಕಲಿಸಿ. ಹಿಂದಕ್ಕೆ ಬೀಳುವ ಮಗು ಕೈ ಹಿಂದಕ್ಕೆ ಊರುತ್ತದೆ, ಮಣಿಕಟ್ಟು ಮುರಿಯುವುದು ಹಾಗೆ. ಕುಕ್ಕರಗಾಲಲ್ಲಿ ಕೂತು, ಎರಡೂ ಕೈ ಎದೆಯ ಮುಂದೆ ಕತ್ತರಿ ಹಾಕಿ, ಗದ್ದ ಎದೆಗೆ ಒತ್ತಿ, ತನ್ನ ಹೊಕ್ಕುಳ ನೋಡುತ್ತಾ ಬೆನ್ನು ದುಂಡಗೆ ಮಾಡಿ ಉರುಳಲಿ. ಬೆನ್ನು ಮಣ್ಣಿಗೆ ತಾಗುವ ಹೊತ್ತಿಗೆ ಎರಡೂ ಅಂಗೈ, ಮುಂಗೈ ಒಟ್ಟಿಗೆ ಪಕ್ಕದ ಮಣ್ಣಿಗೆ ಬಡಿಯಲಿ. ಕೈ ಮೈಗೆ ತೀರಾ ಅಂಟಿಯೂ ಇರಬಾರದು, ಭುಜದ ಮಟ್ಟಕ್ಕೂ ಹೋಗಬಾರದು. ಗದ್ದ ಬಿಟ್ಟರೆ ತಲೆ ಹಿಂದಕ್ಕೆ ಬಡಿಯುತ್ತದೆ, ಆದ್ದರಿಂದ ಗದ್ದಕ್ಕೂ ಎದೆಗೂ ನಡುವೆ ಮಡಚಿದ ಕರ್ಚೀಫು ಇಟ್ಟು ಬೀಳದಂತೆ ಉರುಳಲು ಹೇಳಿ. ಕೂತು ಬೀಳುವುದು ಸಲೀಸಾದ ಮೇಲೆಯೇ ನಿಂತು ಬೀಳಿಸಿ. ಮೈಯನ್ನು ಕಮಾನಿನಂತೆ ಬಾಗಿಸಿ ಕತ್ತಿನ ಮೇಲೆ ಭಾರ ಬೀಳಿಸುವ ‘ಸೇತುವೆ’ ಕಸರತ್ತು ಚಿಕ್ಕವರಿಗೆ ಬೇಡ. ಮೈಮೇಲೆ ಹುಳಕಡ್ಡಿ ಕಂಡ ಹುಡುಗನನ್ನು ವಾಸಿಯಾಗುವವರೆಗೆ ಮಣ್ಣಿಗಿಳಿಸಬೇಡಿ, ಒಬ್ಬನಿಂದ ಎಲ್ಲರಿಗೂ ಹತ್ತುತ್ತದೆ.

ಒಬ್ಬ ಹುಡುಗ ಇಡೀ ಕ್ಲಾಸ್ ಕೆಡಿಸುತ್ತಾನೆ. 50 ಬಸ್ಕಿ ಹೊಡೆಸಿದರೂ ಬುದ್ಧಿ ಬಂದಿಲ್ಲ.
— ಟೇಕ್ವಾಂಡೊ ತರಬೇತುದಾರ, ವಿಜಯನಗರ, ಮೈಸೂರು

ವ್ಯಾಯಾಮವನ್ನು ಶಿಕ್ಷೆ ಮಾಡಿದರೆ ಎಲ್ಲ ಮಕ್ಕಳಿಗೂ ವ್ಯಾಯಾಮವೇ ಬೇಡವಾಗುತ್ತದೆ. ಅವನನ್ನು ಹಿಂದಿನ ಸಾಲಿನಿಂದ ಮುಂದಿನ ಸಾಲಿನ ತುದಿಗೆ, ನಿಮ್ಮ ಕೈಗೆಟಕುವ ಕಡೆ ನಿಲ್ಲಿಸಿ. ಪ್ಯಾಡ್ ಹಂಚುವ ಕೆಲಸ ಕೊಡಿ. ಸರಿ ಮಾಡಿದ ಕ್ಷಣದಲ್ಲಿ ಹೆಸರು ಹಿಡಿದು, ಏನು ಸರಿ ಅಂತ ಹೇಳಿ: ‘ಈ ಸಲ ಮಂಡಿ ಚೆನ್ನಾಗಿ ಎತ್ತಿದೆ.’ ಬೇರೆಯವರಿಗೆ ಪೆಟ್ಟಾಗುವಂತೆ ಮಾಡಿದರೆ ಎರಡು ನಿಮಿಷ ಪಕ್ಕದಲ್ಲಿ ಕೂರಿಸಿ, ಮತ್ತೆ ಮಾತು ಬೆಳೆಸದೆ ಸೇರಿಸಿಕೊಳ್ಳಿ. ಶಾಲೆಯಿಂದ ನೇರ ಬರುತ್ತಾನೋ ವಿಚಾರಿಸಿ. ಮಧ್ಯಾಹ್ನದ ಊಟದ ಮೇಲೆ ಏನೂ ತಿನ್ನದ ಮಗು ಸಂಜೆ ಐದೂವರೆಗೆ ರಂಪ ಮಾಡುವುದು ಸಹಜ. ಅರ್ಧ ಗಂಟೆ ಮುಂಚೆ ಒಂದು ಬಾಳೆಹಣ್ಣು ತಿಂದು ಬರುವಂತೆ ಮನೆಯವರಿಗೆ ತಿಳಿಸಿ.

ಎರಡು ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಕೊಡಿಸ್ತೀವಿ ಅಂತ ಒಂದು ಕ್ಲಾಸಿನವರು ಹೇಳ್ತಾರೆ. ಮಗಳಿಗೆ ಒಂಬತ್ತು. ಸೇರಿಸಬಹುದೇ?
— ತಂದೆ, ಶ್ರೀರಂಗಪಟ್ಟಣ

ಟೇಕ್ವಾಂಡೊ ದರ್ಜೆಗಳನ್ನು ಕೊಡುವ ಕೊರಿಯಾದ ಸಂಸ್ಥೆ ಕುಕ್ಕಿವೊನ್ 15 ವರ್ಷದೊಳಗಿನವರಿಗೆ ಬ್ಲ್ಯಾಕ್ ಬೆಲ್ಟಿನ ‘ದಾನ್’ ದರ್ಜೆ ಕೊಡುವುದೇ ಇಲ್ಲ, ಮಕ್ಕಳ ದರ್ಜೆಯಾದ ‘ಪೂಮ್’ ಕೊಡುತ್ತದೆ, ಅದರ ಬೆಲ್ಟ್ ಅರ್ಧ ಕೆಂಪು ಅರ್ಧ ಕಪ್ಪು. ಮಕ್ಕಳಿಗೂ ದೊಡ್ಡವರಿಗೂ ಅಷ್ಟು ವ್ಯತ್ಯಾಸ ಇಡುತ್ತಾರೆ. ಕರಾಟೆಯಲ್ಲಿ ಸಂಸ್ಥೆಯಿಂದ ಸಂಸ್ಥೆಗೆ ನಿಯಮ ಬೇರೆ. ದಿನಾಂಕದ ಭರವಸೆ ಕೊಟ್ಟು ಫೀಸು ಮುಂಗಡ ಕೇಳುವ ಕಡೆ ನಾವಾದರೆ ಸೇರಿಸುವುದಿಲ್ಲ. ಸೇರಿಸುವ ಮುಂಚೆ ಒಂದು ಸಂಜೆ ಹೋಗಿ ಕೂತು ನೋಡಿ. ಒಬ್ಬ ಮಗುವನ್ನು ಆರಿಸಿಕೊಂಡು, ಹತ್ತು ನಿಮಿಷದಲ್ಲಿ ಅದು ಎಷ್ಟು ಹೊತ್ತು ಆಡಿತು, ಎಷ್ಟು ಹೊತ್ತು ನಿಂತಿತು ಅಂತ ಗಡಿಯಾರ ಹಿಡಿದು ಲೆಕ್ಕ ಹಾಕಿ. ಪೋಷಕರು ಕೂತು ನೋಡುವುದಕ್ಕೇ ಬಿಡದಿದ್ದರೆ ಬೇರೆ ಕ್ಲಾಸು ಹುಡುಕಿ.