ನರಸಾಪುರದ ಗುತ್ತಿಗೆ ಕೆಲಸ: ಪಿಎಫ್ ಕಟ್ಟಿದ್ದಾರಾ ಅಂತ ನೀವೇ ನೋಡಿಕೊಳ್ಳಿ

ಕೋಲಾರದ ನರಸಾಪುರದಲ್ಲಿ ಗುತ್ತಿಗೆದಾರರ ಕಡೆಯಿಂದ ಕೆಲಸಕ್ಕಿದ್ದೀರಿ, ತಿಂಗಳಿಗೆ 1,800 ರೂಪಾಯಿ ಪಿಎಫ್ ಹಿಡಿಯುತ್ತಾರೆ, ಅದನ್ನು ಕಟ್ಟಿದ್ದಾರಾ ಅಂತ ಕೇಳಿದ್ದೀರಿ. ಸೂಪರ್‌ವೈಸರ್ ಮಾತನ್ನು ಸುಮ್ನೆ ನಂಬಬೇಡಿ. ಯುಎಎನ್‌ಗೆ, ಅಂದರೆ ನಿಮ್ಮ ಕಾಯಂ ಪಿಎಫ್ ನಂಬರಿಗೆ, ಜೋಡಿಸಿದ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಡಿ. ಕೊನೆಯ ಕಂತು, ಬ್ಯಾಲೆನ್ಸ್ ಎರಡೂ ಮೆಸೇಜಿನಲ್ಲಿ ಬರುತ್ತದೆ. ತಿಂಗಳುವಾರು ಲೆಕ್ಕ ಬೇಕಾದರೆ ಪಿಎಫ್ ಪಾಸ್‌ಬುಕ್ ನೋಡಿ. ಅದರಲ್ಲಿ ಮಾಲೀಕರ ಪಾಲು ಬರೀ 550 ಅಂತ ಇದ್ದರೆ ಗಾಬರಿ ಬೇಡ. ಅವರು ತಮ್ಮ ಕಡೆಯಿಂದ ಕಟ್ಟುವ 1,800ರಲ್ಲಿ 1,250 ನಿಮ್ಮ ಪಿಂಚಣಿಗೆ ಹೋಗುತ್ತದೆ. ಇದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ.

ಪಾಸ್‌ಬುಕ್ ತಿಂಗಳುಗಟ್ಟಲೆ ಖಾಲಿ ಇದ್ದರೆ ಮಾತ್ರ ಬಿಡಬೇಡಿ. ಗುತ್ತಿಗೆದಾರ ಕಟ್ಟದಿದ್ದರೆ ಫ್ಯಾಕ್ಟರಿಯವರೇ ಹೊಣೆ. ಅವರ ಎಚ್‌ಆರ್‌ಗೆ ಬರೆದು ಕೊಡಿ. ಆಗಲೂ ಆಗದಿದ್ದರೆ ಪಿಎಫ್‌ನವರ ಇಪಿಎಫ್‌ಐಜಿಎಂಎಸ್ ತಾಣದಲ್ಲಿ ದೂರು ಹಾಕಿ. ಸಂಬಳದ ಚೀಟಿ ಒಂದನ್ನೂ ಬಿಸಾಡಬೇಡಿ, ಆಗ ಅದೇ ಸಾಕ್ಷಿ.